ಹತ್ತು ವಾರದ ಮಗುವಿಗೆ ದಿನಾ ಬಜೆ ತೇಯ್ದು ನೆಕ್ಕಿಸಬಹುದಾ?

ಹೊಸ_ಅಮ್ಮ_ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಹತ್ತು ವಾರ. ಸಂಜೆ ಆರೂವರೆ ಆಯಿತೆಂದರೆ ಅಳು ಶುರು, ರಾತ್ರಿ ಹತ್ತರವರೆಗೂ ನಿಲ್ಲುವುದಿಲ್ಲ. ಕಾಲು ಮಡಚಿ ಹೊಟ್ಟೆಗೆ ಒತ್ತಿಕೊಂಡು, ಮುಖ ಕೆಂಪಗಾಗುವ ಹಾಗೆ ಕಿರುಚುತ್ತಾಳೆ. ನಾಮಕರಣ ಆದಾಗಿನಿಂದ ಅತ್ತೆ ಬಜೆ ಕೊಡುತ್ತಿದ್ದಾರೆ. ಸಾಣೆಕಲ್ಲಿಗೆ ನಾಲ್ಕು ತೊಟ್ಟು ಎದೆಹಾಲು ಹಾಕಿ ಬಜೆ ತೇಯ್ದು, ಚೂರು ಜೇನುತುಪ್ಪ ಸೇರಿಸಿ, ಬೆರಳಲ್ಲಿ ನಾಲಿಗೆಗೆ ಸವರುತ್ತಾರೆ. ಮೊದಲು ವಾರಕ್ಕೊಂದು ಸಲ ಇತ್ತು. ಅಳು ಜಾಸ್ತಿ ಆದಮೇಲೆ ದಿನಾ ಸಂಜೆ.

ಮೊನ್ನೆ ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರಿಗೆ ಹೇಳಿದೆ. "ಇವತ್ತೇ ನಿಲ್ಲಿಸಿ, ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ" ಅಂದರು. ಯಾಕೆ ಅಂತ ಕೇಳುವಷ್ಟರಲ್ಲಿ ಮುಂದಿನ ಮಗು ಒಳಗೆ ಬಂದಿತ್ತು. ಮನೆಗೆ ಬಂದು ಹೇಳಿದರೆ ಅತ್ತೆಯ ಕಣ್ಣಲ್ಲಿ ನೀರು. "ಮೂರು ಮಕ್ಕಳನ್ನ ಬಜೆ ಕೊಟ್ಟೇ ಬೆಳೆಸಿದ್ದೀನಿ, ಮೊಮ್ಮಗಳಿಗೆ ನಾನು ಕೆಟ್ಟದ್ದು ಮಾಡ್ತೀನಾ" ಅಂದರು. ಬಾಣಂತನದಲ್ಲಿ ನನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವರು ಅವರು. ಅವರನ್ನು ನೋಯಿಸಲು ಮನಸ್ಸಿಲ್ಲ. ಮಗಳ ವಿಷಯದಲ್ಲಿ ತಪ್ಪು ಮಾಡಲು ಧೈರ್ಯವೂ ಇಲ್ಲ.

ಬಜೆ ನಿಜವಾಗಿ ಕೆಟ್ಟದ್ದಾ, ಇಲ್ಲಾ ಅಳತೆ ಮೀರಿದರೆ ಮಾತ್ರವಾ? ಗೊತ್ತಿರುವವರು ದಯವಿಟ್ಟು ಕಾರಣ ಸಮೇತ ಹೇಳಿ. ಸುಮ್ನೆ "ಬೇಡ" ಅಂದರೆ ನಾನು ಮನೆಯಲ್ಲಿ ಹೇಳಲು ಆಗುವುದಿಲ್ಲ.

ಮದ್ದೂರು_ವಡೆ

ಡಾಕ್ಟರ್ ಮಾತು ಕೇಳಿ. ಮಗು ಮೊದಲು, ಮಿಕ್ಕಿದ್ದೆಲ್ಲ ಆಮೇಲೆ.

ಸಾಗರದವಳು

ನನ್ನ ಇಬ್ಬರು ಮಕ್ಕಳಿಗೂ ಬಜೆ ಕೊಟ್ಟಿದ್ದೇವೆ, ಇಬ್ಬರೂ ಚೆನ್ನಾಗಿದ್ದಾರೆ. ಆದರೆ ನೀವು ಹೇಳುವ ರೀತಿ ನಮ್ಮ ಕಡೆಯದ್ದಲ್ಲ. ನಮ್ಮ ಅಮ್ಮಮ್ಮ ಸುಡದ ಬಜೆಯನ್ನು ಮಗುವಿನ ಬಾಯಿಯ ಹತ್ತಿರ ಬಿಡುತ್ತಲೇ ಇರಲಿಲ್ಲ. ತುಂಡನ್ನು ಹರಳೆಣ್ಣೆಯಲ್ಲಿ ಅದ್ದಿ, ದೀಪದ ಕುಡಿಗೆ ಹಿಡಿದು, ಕಪ್ಪಗೆ ಕರಕಲಾಗುವವರೆಗೆ ಸುಡುತ್ತಿದ್ದರು. ಆಮೇಲೆ ಕಲ್ಲಿನ ಮೇಲೆ ಒಂದು ಸುತ್ತು. ಅವರಿಗೆ ಅಳತೆ ಅಂದರೆ ಅದೇ, ಸುತ್ತು. ಬಜೆ ಒಂದು ಸುತ್ತು, ಜಾಯಿಕಾಯಿ ಅರ್ಧ ಸುತ್ತು, ಮಾಚಿಕಾಯಿ ಒಂದು, ಅಳಲೆಕಾಯಿ ಎರಡು. ಎಲ್ಲ ಸೇರಿ ಒಳಲೆಯ ತಳ ಮುಚ್ಚಿದರೆ ಹೆಚ್ಚು. ಅದೂ ಹದಿನೈದು ದಿನಕ್ಕೆ ಒಮ್ಮೆ, ಎಣ್ಣೆನೀರು ಹಾಕಿದ ದಿನ.

ದಿನಾ ಕೊಡುವುದನ್ನು ನಾನು ಎಲ್ಲೂ ಕೇಳಿಲ್ಲ. ನಿಮ್ಮ ಅತ್ತೆಯ ಅತ್ತೆ ಇದ್ದಿದ್ದರೆ ಅವರೇ ಬೈಯುತ್ತಿದ್ದರು ಅಂತ ನನಗೆ ಅನಿಸುತ್ತದೆ.

ಬೇರು_ನಾರು

ಇಲ್ಲಿ ಎಲ್ಲರೂ ಬಜೆಯ ಮೇಲೆ ಬೀಳುವ ಮೊದಲು ಸ್ವಲ್ಪ ತಿಳಿದುಕೊಳ್ಳಿ. ಸಂಸ್ಕೃತದಲ್ಲಿ ಇದಕ್ಕೆ ವಚಾ ಅಂತ ಹೆಸರು. ಮಾತು ಸ್ಪಷ್ಟವಾಗುತ್ತದೆ, ಬುದ್ಧಿ ಚುರುಕಾಗುತ್ತದೆ ಅಂತ ಮಕ್ಕಳಿಗೆ ಕೊಡುತ್ತಾ ಬಂದಿದ್ದಾರೆ. ಚರಕ ಸಂಹಿತೆಯಲ್ಲಿ ಪ್ರಜ್ಞೆ ಮರಳಿಸುವ ಮದ್ದುಗಳ ಗುಂಪಿನಲ್ಲಿ ಇದೆ. ಸಾರಸ್ವತಾರಿಷ್ಟದಲ್ಲಿ ಇದೆ, ಸಾರಸ್ವತ ಚೂರ್ಣದಲ್ಲಿ ಇದೆ, ಹೊಟ್ಟೆ ಉಬ್ಬರಕ್ಕೆ ಕೊಡುವ ಹಿಂಗುವಚಾದಿಯಲ್ಲಿ ಹೆಸರೇ ಇದೆ. ತಮಿಳರು ವಸಂಬು ಅನ್ನುತ್ತಾರೆ, ಮಕ್ಕಳನ್ನು ಬೆಳೆಸುವುದು ಅನ್ನುವ ಅರ್ಥದಲ್ಲಿ "ಪಿಳ್ಳೈ ವಳರ್ಪ್ಪಾನ್" ಅಂತಲೂ ಕರೆಯುತ್ತಾರೆ. ಮಲಯಾಳದಲ್ಲಿ ವಯಂಬು, ತೆಲುಗಿನಲ್ಲಿ ವಸ. ಇಡೀ ದಕ್ಷಿಣ ಭಾರತ ಸಾವಿರಾರು ವರ್ಷ ತಪ್ಪು ಮಾಡಿತಾ? ಐದು ನಿಮಿಷ ಮಗುವನ್ನು ನೋಡಿದ ಡಾಕ್ಟರ್ ಮಾತ್ರ ಸರಿಯಾ?

ರಸಾಯನ_ಮೇಷ್ಟ್ರು

ಬೇರು_ನಾರು ಅವರೇ, ಸಾವಿರಾರು ವರ್ಷ ಬಳಸಿದ್ದಾರೆ ಅನ್ನುವುದು ನಿಜ. ಹಾಗಾಗಿ ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಆದರೆ ಬಜೆಯ ಒಳಗೆ ಏನಿದೆ ಅನ್ನುವುದನ್ನೂ ನೋಡಬೇಕಲ್ವಾ?

ಬಜೆಯ ಘಾಟು ವಾಸನೆ ಬರುವುದು ಅದರಲ್ಲಿರುವ ಆವಿಯಾಗುವ ಎಣ್ಣೆಯಿಂದ. ಆ ಎಣ್ಣೆಯಲ್ಲಿ ಬೀಟಾ ಅಸರೋನ್ ಅನ್ನುವ ವಸ್ತು ಇದೆ. ಬಜೆ ಗಿಡ ನೋಡಲು ಎಲ್ಲ ಕಡೆ ಒಂದೇ ಥರ, ಆದರೆ ಒಳಗೆ ಮೂರು ಬಗೆ. ಉತ್ತರ ಅಮೆರಿಕದ ಗಿಡದಲ್ಲಿ ವರ್ಣತಂತು (ಕ್ರೋಮೋಸೋಮ್) ಎರಡು ಕಂತೆ, ಅದರಲ್ಲಿ ಬೀಟಾ ಅಸರೋನ್ ಇಲ್ಲವೇ ಇಲ್ಲ ಅನ್ನಬಹುದು. ಯೂರೋಪಿನದು ಮೂರು ಕಂತೆ, ಸ್ವಲ್ಪ ಇದೆ. ನಮ್ಮ ದೇಶದ ಬಯಲು ಸೀಮೆಯಲ್ಲೂ ಪೂರ್ವ ಏಷ್ಯಾದಲ್ಲೂ ಬೆಳೆಯುವುದು ಹೆಚ್ಚಾಗಿ ನಾಲ್ಕು ಕಂತೆಯದು. ಅದರ ಎಣ್ಣೆಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಇದೇ ಇರಬಹುದು.

1960ರ ದಶಕದಲ್ಲಿ ಜಮ್ಮು ಬಜೆಯ ಎಣ್ಣೆಯನ್ನು ಇಲಿಗಳ ಆಹಾರದಲ್ಲಿ ಬೆರೆಸಿ ದೀರ್ಘಕಾಲ ಕೊಟ್ಟು ನೋಡಿದರು. ಸಣ್ಣ ಕರುಳಿನ ಮೊದಲ ಭಾಗದಲ್ಲಿ ಗೆಡ್ಡೆಗಳು ಬಂದವು. 1968ರಲ್ಲಿ ಅಮೆರಿಕ ಬಜೆಯನ್ನೂ ಅದರ ಎಣ್ಣೆಯನ್ನೂ ಆಹಾರದಲ್ಲಿ ಸೇರಿಸಬಾರದು ಅಂತ ನಿಷೇಧಿಸಿತು. ಯೂರೋಪ್ ಒಕ್ಕೂಟ ನಾಲ್ಕು ಕಂತೆಯ ಬಜೆಯಿಂದ ಆಹಾರದ ಪರಿಮಳ ತೆಗೆಯುವುದನ್ನೇ ತಡೆದಿದೆ. ಅಂದರೆ ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಬಗೆಯನ್ನೇ.

ಬೇರು_ನಾರು

ಇಲಿಗೆ ಹೊಟ್ಟೆ ತುಂಬಾ ಎಣ್ಣೆ ಕುಡಿಸಿದರೆ ಗೆಡ್ಡೆ ಬರದೆ ಇನ್ನೇನು? ಮಗುವಿಗೆ ಕೊಡುವುದು ಬೆರಳ ತುದಿಯಷ್ಟು. ಬಜೆ ತಿಂದು ಮನುಷ್ಯನಿಗೆ ಕ್ಯಾನ್ಸರ್ ಬಂದ ಒಂದು ಉದಾಹರಣೆ ಕೊಡಿ ನೋಡೋಣ.

ರಸಾಯನ_ಮೇಷ್ಟ್ರು

ಬಜೆಯಿಂದಲೇ ಬಂತು ಅಂತ ಮನುಷ್ಯರಲ್ಲಿ ಸಾಬೀತಾಗಿಲ್ಲ, ಒಪ್ಪುತ್ತೇನೆ. ಇಲಿಗೆ ಕೊಟ್ಟ ಪ್ರಮಾಣ ದೊಡ್ಡದು, ಅದನ್ನೂ ಒಪ್ಪುತ್ತೇನೆ. ಆದರೆ ಮಗು ನಾಲ್ಕೈದು ಕಿಲೋ ತೂಗುತ್ತದೆ, ಅದರ ಯಕೃತ್ತು ಇನ್ನೂ ಬಲಿತಿರುವುದಿಲ್ಲ. "ಬೆರಳ ತುದಿಯಷ್ಟು" ಅನ್ನುವುದು ಎಷ್ಟು ಅಂತ ನಮಗೆ ಯಾರಿಗೂ ಗೊತ್ತಿಲ್ಲ.

ನಾನು ಒಮ್ಮೆ ಇದನ್ನು ತೂಗಿ ನೋಡಿದ್ದೇನೆ. ಒಂದೇ ಬಜೆ ತುಂಡನ್ನು ನಾನೂ ನಮ್ಮ ಅಮ್ಮನೂ ಒಂದೇ ಕಲ್ಲಿನ ಮೇಲೆ ಹತ್ತತ್ತು ಸುತ್ತು ತೇಯ್ದೆವು. ಶಾಲೆಯ ಪ್ರಯೋಗಾಲಯದ ತಕ್ಕಡಿಯಲ್ಲಿ ಮೊದಲು ಮತ್ತು ಆಮೇಲೆ ತೂಕ ನೋಡಿದೆ. ನಾನು ತೇಯ್ದಾಗ ಸವೆದದ್ದು ಅಮ್ಮನದಕ್ಕಿಂತ ಮೂರು ಪಟ್ಟು ಹತ್ತಿರ ಹತ್ತಿರ. ಅಮ್ಮನ ಕೈ ಹಗುರ, ನನ್ನದು ಭಾರ. ಹೊಸ ಕಲ್ಲಾದರೆ ಇನ್ನೂ ಜಾಸ್ತಿ ಸವೆಯುತ್ತದೆ. ಸುತ್ತಿನ ಲೆಕ್ಕ ಆ ಕೈಗೆ, ಆ ಕಲ್ಲಿಗೆ ಸೇರಿದ್ದು. ಕೈ ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ಸಾಗರದವಳು

ಮೇಷ್ಟ್ರೇ, ಈ ಮಾತು ನನಗೆ ತುಂಬಾ ಹಿಡಿಸಿತು. ನಮ್ಮ ಅಮ್ಮಮ್ಮ ತೇಯುವ ಕೆಲಸವನ್ನು ಸೊಸೆಯರಿಗೂ ಬಿಡುತ್ತಿರಲಿಲ್ಲ. ಆಗ ಅದು ಅವರ ಗತ್ತು ಅಂದುಕೊಂಡಿದ್ದೆ.

ವೈದ್ಯೆ_ಹಾಸನ

ನಾನು ಆಯುರ್ವೇದ ಓದಿ ಹದಿನಾಲ್ಕು ವರ್ಷದಿಂದ ರೋಗಿಗಳನ್ನು ನೋಡುತ್ತಿದ್ದೇನೆ. ದಿನಾ ವಚಾ ಬಳಸುತ್ತೇನೆ. ಆದ್ದರಿಂದ ಬಜೆಯ ಮೇಲೆ ನನಗೆ ದ್ವೇಷವಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ಭಾರತದ ಆಯುರ್ವೇದ ಔಷಧಕೋಶದಲ್ಲಿ ವಚಾ ಚೂರ್ಣದ ಪ್ರಮಾಣ ದಿನಕ್ಕೆ 60ರಿಂದ 120 ಮಿಲಿಗ್ರಾಂ. ಇದು ದೊಡ್ಡವರಿಗೆ. ಒಂದು ಚಿಟಿಕೆಯಲ್ಲೂ ಚಿಕ್ಕ ಚಿಟಿಕೆ. ಅದೇ ಒಂದೆರಡು ಗ್ರಾಂ ಕೊಟ್ಟರೆ ವಾಂತಿ ಮಾಡಿಸುವ ಮದ್ದು, ವಮನಕ್ಕೆ ಹಾಗೆಯೇ ಬಳಸುತ್ತೇವೆ. ಇಲ್ಲಿ ಒಂದು ವಿಷಯ ಗಮನಿಸಿ. ಮನೆಗಳಲ್ಲಿ ಬಜೆ ನೆಕ್ಕಿಸಿದ ಮೇಲೆ ಮಗು ವಾಂತಿ ಮಾಡಿಕೊಂಡರೆ "ಕಫ ಕಿತ್ತುಕೊಂಡು ಬಂತು" ಅಂತ ಸಂತೋಷಪಡುತ್ತಾರೆ. ಅದು ಕಫ ಹೋದ ಲಕ್ಷಣ ಅಂತ ಅಂದುಕೊಳ್ಳಬೇಡಿ. ಮದ್ದು ಮಿತಿ ಮೀರಿದ್ದಕ್ಕೂ ವಾಂತಿ ಆಗುತ್ತದೆ. ಮಲಗಿಸಿದ ಮಗು ವಾಂತಿ ಮಾಡಿದರೆ ಅದು ಉಸಿರಿನ ದಾರಿಗೆ ಹೋಗಬಹುದು.

ಎರಡನೆಯದು ಶೋಧನೆ, ಅಂದರೆ ಬಳಸುವ ಮೊದಲು ಮದ್ದನ್ನು ಶುದ್ಧಿ ಮಾಡುವುದು. ನಮ್ಮ ಗ್ರಂಥಗಳು ವಚಾವನ್ನು ಹಾಗೇ ಬಳಸಿ ಅನ್ನುವುದಿಲ್ಲ. ಗೋಮೂತ್ರದಲ್ಲಿ ಬೇಯಿಸಿ, ಆಮೇಲೆ ಮುಂಡಿ ಗಿಡದ ಕಷಾಯದಲ್ಲಿ, ಆಮೇಲೆ ಪಂಚಪಲ್ಲವದ (ಐದು ಬಗೆಯ ಎಲೆಗಳ) ಕಷಾಯದಲ್ಲಿ ಬೇಯಿಸಿ, ಕೊನೆಗೆ ಸುಗಂಧ ದ್ರವ್ಯಗಳ ನೀರಿನ ಹಬೆ ಕೊಡಬೇಕು. ಇಷ್ಟು ಬೇಯಿಸಿದಾಗ ಮೇಷ್ಟ್ರು ಹೇಳಿದ ಆ ಎಣ್ಣೆಯ ಒಂದಿಷ್ಟು ಹಾರಿಹೋಗುತ್ತದೆ. ಸಾಗರದ ಅಮ್ಮಮ್ಮ ದೀಪಕ್ಕೆ ಹಿಡಿದು ಸುಡುತ್ತಿದ್ದದ್ದೂ ಇದೇ ಜಾತಿಯ ಕೆಲಸ. ಈಗ ಅಂಗಡಿಯಿಂದ ತಂದ ಬಜೆ ನೇರ ಕಲ್ಲಿಗೆ ಹೋಗುತ್ತಿದೆ.

ನನ್ನ ಹತ್ತಿರ ಬರುವ ತಾಯಂದಿರಿಗೆ ನಾನು ಹೇಳುವುದು ಇಷ್ಟು: ಹಾಲು ಕುಡಿಯುವ ಕೂಸಿಗೆ ಮನೆಯಲ್ಲಿ ಬಜೆ ಬಾಯಿಗೆ ಕೊಡಬೇಡಿ. ಗರ್ಭಿಣಿಯರೂ ತಿನ್ನಬಾರದು.

ಧಾರವಾಡ_ಪೇಢಾ

ನಮ್ಮ ಕಡೆ ಇದಕ್ಕೆ ಗುಟ್ಟಿ ಹಾಕುವುದು ಅನ್ನುತ್ತಾರೆ. ಬಜೆ, ಜಾಜಿಕಾಯಿ, ಉತ್ತತ್ತಿ, ಬದಾಮಿ, ಹಳದಿ ಕೊಂಬು ಎಲ್ಲ ತೇಯ್ದು ಕುಡಿಸುತ್ತಾರೆ. ನನ್ನ ತಮ್ಮನ ಮಗನಿಗೆ ಎರಡೂವರೆ ತಿಂಗಳಿದ್ದಾಗ, ರಾತ್ರಿ ಚೆನ್ನಾಗಿ ನಿದ್ದೆ ಮಾಡಲಿ ಅಂತ ಜಾಜಿಕಾಯಿ ಸ್ವಲ್ಪ ಜಾಸ್ತಿ ತೇಯ್ದು ಕುಡಿಸಿದರು. ಕೂಸು ಮಲಗಿತು. ಬೆಳಿಗ್ಗೆ ಎಂಟಾದರೂ ಏಳಲಿಲ್ಲ, ಹಾಲಿಗೆ ಬಾಯಿ ತೆರೆಯಲಿಲ್ಲ, ಎತ್ತಿದರೆ ಕೈಕಾಲು ಜೋತು ಬೀಳುತ್ತಿದ್ದವು. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಕೂಸು ಉಳಿಯಿತು, ಈಗ ನಾಲ್ಕನೇ ತರಗತಿ. ಆದರೆ ಆ ಎರಡು ದಿನ ನಮ್ಮ ಅವ್ವ ಒಂದು ತುತ್ತು ಉಣ್ಣಲಿಲ್ಲ.

ಅವ್ವನದು ಪ್ರೀತಿಯೇ ರೀ. ಪ್ರೀತಿಗೆ ಅಳತೆ ಗೊತ್ತಿರಲಿಲ್ಲ ಅಷ್ಟೇ.

ಮಕ್ಕಳ_ವೈದ್ಯ

ನಾನು ಮಕ್ಕಳ ತಜ್ಞ. ಆ ಡಾಕ್ಟರ್ ಕಾರಣ ಹೇಳದೆ ಕಳಿಸಿದ್ದು ಸರಿಯಲ್ಲ. ನಮ್ಮಲ್ಲಿ ಹೊರಗೆ ಸಾಲು ಇರುತ್ತದೆ, ಆದರೂ ಅಜ್ಜಿಯನ್ನು ಒಳಗೆ ಕರೆದು ಎರಡು ನಿಮಿಷ ಮಾತಾಡಿದರೆ ಮನೆಯಲ್ಲಿ ಅರ್ಧ ಜಗಳ ತಪ್ಪುತ್ತದೆ.

ಮೊದಲು ಅಳುವಿನ ವಿಷಯ. ಹುಟ್ಟಿದ ಎರಡು ಮೂರು ವಾರಕ್ಕೆ ಈ ಸಂಜೆ ಅಳು ಶುರುವಾಗಿ, ಆರನೇ ವಾರದ ಹೊತ್ತಿಗೆ ಜೋರಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ನಿಲ್ಲುತ್ತದೆ. ಯಾವ ಮದ್ದು ಕೊಟ್ಟರೂ ನಿಲ್ಲುತ್ತದೆ, ಕೊಡದಿದ್ದರೂ ನಿಲ್ಲುತ್ತದೆ. ಹಾಗಾಗಿ ಆ ವಾರಗಳಲ್ಲಿ ಮನೆಯವರು ಏನು ಕೊಡುತ್ತಿದ್ದರೋ ಅದಕ್ಕೆ ಹೆಸರು ಬರುತ್ತದೆ. ಬಜೆಗೂ ಹಾಗೇ, ಗ್ರೈಪ್ ವಾಟರಿಗೂ ಹಾಗೇ.

ಈಗ ನಿಮ್ಮ ಮನೆಯ ಪದ್ಧತಿಯಲ್ಲಿ ನನಗೆ ಬಜೆಗಿಂತ ಮೊದಲು ಭಯ ಹುಟ್ಟಿಸಿದ್ದು ಜೇನುತುಪ್ಪ. ಅದನ್ನು ಇವತ್ತೇ ನಿಲ್ಲಿಸಿ. ಜೇನಿನಲ್ಲಿ ಬೊಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯುವುದಿಲ್ಲ, ಹಸುಗೂಸಿನ ಕರುಳಿನಲ್ಲಿ ಮೊಳೆತು ನರಗಳ ಕೆಲಸ ತಡೆದು ಸ್ನಾಯುಗಳನ್ನು ಸಡಿಲ ಮಾಡುವ ವಿಷ ಬಿಡುತ್ತವೆ. ಮೊದಲು ಮಲಬದ್ಧತೆ, ಆಮೇಲೆ ಅಳುವ ದನಿ ಸಣ್ಣಗಾಗುವುದು, ಹಾಲು ಚೀಪಲು ಆಗದಿರುವುದು, ಕತ್ತು ನಿಲ್ಲದಿರುವುದು. ತೀರಾ ಅಪರೂಪ, ಆದರೆ ಬಂದರೆ ಉಸಿರಾಟದ ಯಂತ್ರ ಹಾಕಬೇಕಾಗಬಹುದು. ಒಂದು ವರ್ಷ ತುಂಬುವವರೆಗೆ ಜೇನು ಬೇಡ. ಕುದಿಸಿದ ಜೇನೂ ಬೇಡ, ಕಾಡಿನ ಶುದ್ಧ ಜೇನೂ ಬೇಡ.

ಇನ್ನೊಂದು ಕಲ್ಲು. ಸಾಣೆಕಲ್ಲನ್ನು ಸೆರಗಿನಲ್ಲಿ ಒರೆಸಿ ಇಡುತ್ತಾರೆ. ಅದರ ಸಣ್ಣ ಸಣ್ಣ ತೂತುಗಳಲ್ಲಿ ನಿನ್ನೆಯ ಹಾಲು ಇರುತ್ತದೆ. ಎಷ್ಟೋ ಭೇದಿಯ ಮಕ್ಕಳ ಮನೆಯಲ್ಲಿ ತೇಯುವ ಕಲ್ಲು ಇರುವುದನ್ನು ನಾನು ಕೇಳಿ ತಿಳಿದುಕೊಂಡಿದ್ದೇನೆ.

ಇವುಗಳಲ್ಲಿ ಒಂದು ಕಂಡರೂ ತಡ ಮಾಡದೆ ಆಸ್ಪತ್ರೆಗೆ ಹೋಗಿ: 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ಹಾಲು ಬೇಡ ಅನ್ನುವುದು, ಮಗು ಮಂಕಾಗುವುದು. ಇವಿಲ್ಲದೆ ಬರೀ ಅಳು ಆದರೆ ಎತ್ತಿಕೊಂಡು ಓಡಾಡಿ, ತೇಗಿಸಿ, ಹೊಟ್ಟೆಯನ್ನು ಮೆತ್ತಗೆ ನೀವಿ.

ಹೊಸ_ಅಮ್ಮ_ಮೈಸೂರು

ಡಾಕ್ಟರೇ, ಜೇನಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಓದುತ್ತಾ ಕೈ ನಡುಗಿತು. ಈಗ ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆ, ಮಲವೂ ಸರಿಯಾಗಿದೆ. ಇವತ್ತಿನಿಂದ ಜೇನು ಇಲ್ಲ.

ಬೇರು_ನಾರು

ಹಾಗಾದರೆ ಸ್ವರ್ಣಪ್ರಾಶನ? ಕಾಶ್ಯಪ ಸಂಹಿತೆಯಲ್ಲೇ ಹೇಳಿದೆ. ಪ್ರತಿ ಪುಷ್ಯ ನಕ್ಷತ್ರಕ್ಕೆ ಊರೂರಲ್ಲಿ ಜೇನು ತುಪ್ಪದಲ್ಲಿ ಚಿನ್ನ ಹಾಕಿ ಕೊಡುತ್ತಿದ್ದಾರಲ್ಲ, ಕೆಲವು ಕಡೆ ಅದರಲ್ಲಿ ವಚಾ ಕೂಡ ಇರುತ್ತದೆ.

ವೈದ್ಯೆ_ಹಾಸನ

ಇದೆ, ನಿಜ. ನಾನು ನನ್ನ ಚಿಕಿತ್ಸಾಲಯದಲ್ಲಿ ವರ್ಷ ತುಂಬದ ಮಕ್ಕಳಿಗೆ ಕೊಡುವುದಿಲ್ಲ. ನನ್ನ ಕೆಲವು ಸಹಪಾಠಿಗಳು ಕೊಡುತ್ತಾರೆ, ನಮ್ಮೊಳಗೇ ಇದಕ್ಕೆ ವಾದ ನಡೆಯುತ್ತದೆ. ಗ್ರಂಥದಲ್ಲಿದೆ ಅಂತ ನಾನು ಕಣ್ಣು ಮುಚ್ಚಿ ಕೊಡಲಾರೆ. ಬೀಜಕ, ಬ್ಯಾಕ್ಟೀರಿಯಾ ಅನ್ನುವುದನ್ನು ನೋಡುವ ಸಾಧನ ಆಗ ಇರಲಿಲ್ಲ, ಈಗ ಇದೆ.

ಗಡಿನಾಡ_ಕನ್ನಡಿಗ

ಕಾಸರಗೋಡಿನಿಂದ. ನಮ್ಮ ಸುತ್ತ ಮಲಯಾಳ ಮನೆಗಳಲ್ಲಿ ಉರಮರುನ್ನು ಅಂತ ಇದೆ, ತೇಯ್ದು ಕೊಡುವ ಮದ್ದು ಅಂತಲೇ ಅರ್ಥ. ಹುಟ್ಟಿದ ಮಗುವಿಗೆ ವಯಂಬು ಮತ್ತು ಚಿನ್ನ ತೇಯ್ದು ನಾಲಿಗೆಗೆ ಮುಟ್ಟಿಸುತ್ತಾರೆ. ನಮ್ಮ ಮನೆಯಲ್ಲಿ ಅಜ್ಜಿಯ ಉಂಗುರ ಅದಕ್ಕೆಂದೇ ಇತ್ತು. ಆದರೆ ಒಂದು ಸಲ ಮುಟ್ಟಿಸಿದರೆ ಮುಗಿಯಿತು. ದಿನಾ ಅಲ್ಲ.

ನ್ಯೂಜೆರ್ಸಿ_ಕನ್ನಡತಿ

ಬಾಣಂತನಕ್ಕೆ ಬಂದ ಅಮ್ಮ ಸೂಟ್‌ಕೇಸಿನಲ್ಲಿ ಬಜೆ, ಸಾಣೆಕಲ್ಲು, ಒಳಲೆ ಎಲ್ಲಾ ತಂದಿದ್ದರು. ಜೊತೆಗೆ ಹೆಸರಿಲ್ಲದ ಒಂದು ಮಾತ್ರೆ ಪೊಟ್ಟಣ, ಅದನ್ನೂ ತೇಯ್ದು ಕೊಡಬೇಕು ಅಂತ. ಇಲ್ಲಿ ಮಕ್ಕಳಿಗೆ ಒಂದು ವರ್ಷಕ್ಕೆ ರಕ್ತದಲ್ಲಿ ಸೀಸ ಇದೆಯಾ ಅಂತ ನೋಡುತ್ತಾರೆ. ಮಗನಿಗೆ ಸ್ವಲ್ಪ ಜಾಸ್ತಿ ಬಂತು. ಬಣ್ಣ, ಆಟಿಕೆ, ನೀರು ಎಲ್ಲ ಕೇಳಿ, ಕೊನೆಗೆ ನರ್ಸ್ ಕೇಳಿದ್ದು "ಊರಿನಿಂದ ಯಾವುದಾದರೂ ಮದ್ದು ತಂದಿದ್ದೀರಾ" ಅಂತ. ನಿಲ್ಲಿಸಿದ ಮೇಲೆ ಇಳಿಯಿತು.

ಬಜೆಯಿಂದಲೇ ಬಂತು ಅಂತ ನಾನು ಹೇಳುತ್ತಿಲ್ಲ, ನನ್ನ ಅನುಮಾನ ಆ ಮಾತ್ರೆಯ ಮೇಲೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಾಸ್ಟನ್ ಸುತ್ತಮುತ್ತ ನಮ್ಮವರ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಮದ್ದುಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಗೊತ್ತಿದ್ದೂ ನಾನು ಅಮ್ಮನಿಗೆ ಬೇಡ ಅನ್ನಲಿಲ್ಲ. ಅದು ಈಗಲೂ ಚುಚ್ಚುತ್ತದೆ. ಹೊಸ ಅಮ್ಮ, ನೀವು ಬೇಸರ ಆದರೂ ಪರವಾಗಿಲ್ಲ ಅಂತ ಹೇಳಿಬಿಡಿ.

ಕೊರಟಗೆರೆ_ಗದ್ದೆ

ನಾವು ಬಜೆ ಬೆಳೆಯುವವರು. ತುಮಕೂರು ಜಿಲ್ಲೆ ಕೊರಟಗೆರೆ ಕಡೆ ಕೆರೆ ಹಿಂದಿನ ಜೌಗು ಗದ್ದೆಗಳಲ್ಲಿ ಭತ್ತದ ಬದಲು ಇದನ್ನು ಹಾಕುವ ರೂಢಿ ಹಿಂದಿನಿಂದ ಇದೆ. ಬೇರಿನ ತುಂಡು ನೆಟ್ಟು, ವರ್ಷಪೂರ್ತಿ ನೀರು ನಿಲ್ಲಿಸಬೇಕು. ಹತ್ತು ಹನ್ನೆರಡು ತಿಂಗಳಿಗೆ ಕೆಸರಿನಲ್ಲಿ ಮಂಡಿಯವರೆಗೆ ಇಳಿದು ಕೀಳುತ್ತೇವೆ. ಎಲೆ ಕತ್ತರಿಸಿ, ತೊಳೆದು, ಬೆರಳುದ್ದ ತುಂಡು ಮಾಡಿ ಒಣಗಿಸಿ, ಗೋಣಿಚೀಲದ ಮೇಲೆ ಉಜ್ಜಿದರೆ ನಾರು ಉದುರುತ್ತದೆ. ಆ ದಿನಗಳಲ್ಲಿ ಊಟದ ತಟ್ಟೆಯೂ ಬಜೆ ವಾಸನೆಯೇ.

ಇಲ್ಲಿ ಯಾರೂ ಕೇಳದ ಒಂದು ಮಾತು ಹೇಳುತ್ತೇನೆ. ಬಜೆ ನಿಂತ ನೀರಿನಲ್ಲಿ ಏನಿದೆಯೋ ಅದನ್ನು ಹೀರಿಕೊಳ್ಳುವ ಗಿಡ. ಕೆರೆ ಶುದ್ಧವಿದ್ದರೆ ಬೇರು ಶುದ್ಧ. ಊರಿನ ಚರಂಡಿಯೋ ಕಾರ್ಖಾನೆ ನೀರೋ ಹರಿಯುವ ಕಡೆ ಬೆಳೆದರೆ? ಒಣಗಿಸಿ ಚೀಲ ತುಂಬಿದ ಮೇಲೆ ಎಲ್ಲ ಒಂದೇ ಬಣ್ಣ. ನಮ್ಮಿಂದ ಕೊಂಡವರು ಬೇರೆ ಊರಿನ ಮಾಲಿನ ಜೊತೆ ಬೆರೆಸುತ್ತಾರೆ. ಗ್ರಂಧಿಗೆ ಅಂಗಡಿಗೆ ಬರುವ ಹೊತ್ತಿಗೆ ಅದು ಯಾವ ಕೆರೆಯದು ಅಂತ ಬೆಳೆದ ನಾನೂ ಹೇಳಲಾರೆ.

ಮದ್ದೂರು_ವಡೆ

ಅಣ್ಣಾ, ನೀವು ನಿಮ್ಮ ಮಕ್ಕಳಿಗೆ ಕೊಟ್ಟಿದ್ದೀರಾ?

ಕೊರಟಗೆರೆ_ಗದ್ದೆ

ನನ್ನ ಮಗನಿಗೆ ಬಜೆ ಮಣಿ ಕಟ್ಟಿದ್ದೆವು, ಹೊಟ್ಟೆಯ ಮೇಲೆ ಹಚ್ಚಿದ್ದೆವು. ಬಾಯಿಗೆ ಕೊಟ್ಟ ನೆನಪಿಲ್ಲ. ಹಸು ಹೊಟ್ಟೆ ಉಬ್ಬರಿಸಿದರೆ ಕೊಡುತ್ತೇವೆ.

ಮಕ್ಕಳ_ವೈದ್ಯ

ಮಣಿಯ ವಿಷಯದಲ್ಲೂ ಎಚ್ಚರ. ಮೂರು ನಾಲ್ಕು ತಿಂಗಳಿಗೆ ಮಗು ಕೈಯನ್ನು ಬಾಯಿಗೆ ಒಯ್ಯುತ್ತದೆ. ದಾರ ಹರಿದು ಮಣಿ ಗಂಟಲಲ್ಲಿ ಸಿಕ್ಕಿದರೆ ದೊಡ್ಡ ಅಪಾಯ. ಕತ್ತಿಗೆ ಕಟ್ಟಿದ ದಾರವಂತೂ ಬೇಡವೇ ಬೇಡ.

ಯಕ್ಷಪ್ರಿಯ

ಸ್ವಲ್ಪ ವಿಷಯಾಂತರ. ನಾನು ಹವ್ಯಾಸಿ ಭಾಗವತ. ರಾತ್ರಿಯಿಡೀ ಪದ ಹೇಳುವವರು ಬಜೆ ಚೂರು ಕಚ್ಚಿಕೊಳ್ಳುವುದನ್ನು ನೋಡಿದ್ದೇನೆ, ನಾನೂ ಹಾಗೆ ಮಾಡುತ್ತೇನೆ. ಗಂಟಲು ಬಿಡುತ್ತದೆ. ದೊಡ್ಡವರಿಗೂ ತೊಂದರೆಯಾ?

ವೈದ್ಯೆ_ಹಾಸನ

ಯಾವಾಗಲೋ ಒಮ್ಮೆ ಚೂರು ಕಚ್ಚಿದರೆ ಗಾಬರಿ ಬೇಡ. ಆಟದ ಸೀಸನ್ ಪೂರ್ತಿ ಪ್ರತಿ ರಾತ್ರಿ ಬೇಡ. ಜ್ಯೇಷ್ಠಮಧು ಇಟ್ಟುಕೊಳ್ಳಿ. ಅದೂ ಬಿಪಿ ಇರುವವರಿಗೆ ಜಾಸ್ತಿ ಆಗಬಾರದು. ನಿದ್ದೆ ಮಾತ್ರೆ ಅಥವಾ ಮೂರ್ಛೆರೋಗದ ಮಾತ್ರೆ ತೆಗೆದುಕೊಳ್ಳುವವರು ಬಜೆ ಮುಟ್ಟುವ ಮೊದಲು ವೈದ್ಯರನ್ನು ಕೇಳಬೇಕು.

ಕಾಫಿ_ಗಿಡ

ಮೂರ್ಛೆ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಚಿಕ್ಕಪ್ಪನಿಗೆ ಫಿಟ್ಸ್ ಇತ್ತು. ಯಾರೋ ಬಜೆ ಪುಡಿ ಜೇನಿನಲ್ಲಿ ತಿಂದರೆ ಪೂರ್ತಿ ಹೋಗುತ್ತದೆ ಅಂದರು. ಮಾತ್ರೆ ಬಿಟ್ಟು ಬಜೆ ತಿಂದರು. ಹನ್ನೆರಡನೇ ದಿನ ತೋಟದಲ್ಲಿ ಫಿಟ್ಸ್ ಬಂದು ಕಣಿವೆಯ ಅಂಚಿನಲ್ಲಿ ಬಿದ್ದಿದ್ದರು. ಕಾಫಿ ಗಿಡ ತಡೆದದ್ದಕ್ಕೆ ಬದುಕಿದರು. ಬಜೆ ಅವರಿಗೆ ಕೆಟ್ಟದ್ದು ಮಾಡಿತೋ ಇಲ್ಲವೋ ಗೊತ್ತಿಲ್ಲ, ಮಾತ್ರೆ ಬಿಟ್ಟಿದ್ದು ಮಾಡಿತು.

ಬೇರು_ನಾರು

ಒಪ್ಪುತ್ತೇನೆ, ಮಾತ್ರೆ ಬಿಡಬಾರದಿತ್ತು. ಆದರೆ ಈಗೀಗ ಎಲ್ಲ ಗಿಡಮೂಲಿಕೆಗೂ ಇದೇ ಗತಿ. 2021ರಲ್ಲಿ ಅಮೃತಬಳ್ಳಿ ಲಿವರ್ ಹಾಳು ಮಾಡುತ್ತದೆ ಅಂತ ಸುದ್ದಿ ಹಬ್ಬಿಸಿದರು.

ಮಕ್ಕಳ_ವೈದ್ಯ

ಹಬ್ಬಿಸಿದ್ದಲ್ಲ. ಕೋವಿಡ್ ಕಾಲದಲ್ಲಿ ದಿನಾ ಅಮೃತಬಳ್ಳಿ ಕಷಾಯ ಕುಡಿದು ಕಾಮಾಲೆ ಬಂದ 6 ಜನರ ಬಗ್ಗೆ ಮುಂಬೈ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದು ಬೇರೆ ಜಾತಿಯ ಬಳ್ಳಿ ಇರಬಹುದು ಅಂದಿತು. ಮರುವರ್ಷ ದೇಶದ 13 ಕಡೆಯಿಂದ 43 ರೋಗಿಗಳ ವಿವರ ಬಂತು.

ರಸಾಯನ_ಮೇಷ್ಟ್ರು

ಬಳ್ಳಿಯ ಜಾತಿ ಬೇರೆ ಅನ್ನುವ ವಾದವನ್ನೇ ತೆಗೆದುಕೊಂಡರೂ ಕೊರಟಗೆರೆ ಅಣ್ಣನ ಮಾತಿಗೇ ಬಂದು ನಿಲ್ಲುತ್ತೇವೆ. ಕೈಗೆ ಬಂದದ್ದು ಏನು, ಎಲ್ಲಿಯದು ಅಂತ ಗೊತ್ತಿಲ್ಲ.

ಧಾರವಾಡ_ಪೇಢಾ

ಅಮೃತಬಳ್ಳಿಗೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಆ ತಾಯಿಗೆ ಉತ್ತರ ಬೇಕಾಗಿದೆ.

ಸಾಗರದವಳು

ಹೌದು. ಹೊಸ ಅಮ್ಮ, ಒಂದು ದಾರಿ ಹೇಳುತ್ತೇನೆ. ಅತ್ತೆಯ ಕೈಯಿಂದ ಬಜೆ ಕಿತ್ತುಕೊಳ್ಳಬೇಡಿ. ಸುಟ್ಟ ಬಜೆಯನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಹೊಕ್ಕುಳ ಸುತ್ತ ಹಚ್ಚುವುದು ಎಷ್ಟೋ ಮನೆಗಳಲ್ಲಿ ಇದೆ. ಅದನ್ನು ಅವರಿಗೇ ವಹಿಸಿ. ವೈದ್ಯರು ಏನನ್ನುತ್ತಾರೆ?

ಮಕ್ಕಳ_ವೈದ್ಯ

ಹೊಕ್ಕುಳ ಪೂರ್ತಿ ಒಣಗಿದ್ದರೆ, ಚರ್ಮ ಕೆಂಪಾಗದಿದ್ದರೆ, ತೆಳ್ಳಗೆ ಹಚ್ಚಿ ಸ್ವಲ್ಪ ಹೊತ್ತಿಗೆ ಒರೆಸಿದರೆ ನಾನು ಜಗಳ ಮಾಡುವುದಿಲ್ಲ. ನನ್ನ ಅನುಭವದಲ್ಲಿ ಕೆಲಸ ಮಾಡುವುದು ಅಜ್ಜಿಯ ಬಿಸಿ ಅಂಗೈ. ಮಗುವಿನ ಕೈಗೆ ಅಂಟಿ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ಇಳಕಲ್_ಸೆರಗು

ಬಜೆಗೆ ಇನ್ನೊಂದು ಒಳ್ಳೆಯ ಕೆಲಸ ಇದೆ. ರೇಷ್ಮೆ ಸೀರೆ ಮಧ್ಯೆ ಬಟ್ಟೆಯಲ್ಲಿ ಕಟ್ಟಿ ಇಡಿ. ನಮ್ಮ ಅಮ್ಮನ ಮದುವೆ ಸೀರೆಗೆ ಇಷ್ಟು ವರ್ಷವಾದರೂ ಒಂದು ತೂತಿಲ್ಲ. ನುಸಿಗುಳಿಗೆ ಹಾಕಿದರೆ ಜರಿ ಕಪ್ಪಾಗುತ್ತದೆ ಅಂತ ಅವರು ಬಿಡುತ್ತಿರಲಿಲ್ಲ.

ರಸಾಯನ_ಮೇಷ್ಟ್ರು

ಅದಕ್ಕೂ ಕಾರಣ ಅದೇ ಬೀಟಾ ಅಸರೋನ್. 1977ರಲ್ಲಿ ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಬಜೆಯಿಂದ ತೆಗೆದ ವಸ್ತು ಕೀಟಗಳ ಸಂತಾನಶಕ್ತಿಯನ್ನೇ ಕುಂದಿಸುತ್ತದೆ ಅಂತ 'ನೇಚರ್' ಪತ್ರಿಕೆಯಲ್ಲಿ ಬರೆದರು. ಬಿತ್ತನೆ ಕಾಳಿನ ಡಬ್ಬಕ್ಕೆ ಬಜೆ ಹಾಕುವ ನಮ್ಮ ರೂಢಿ ಗಟ್ಟಿ ರೂಢಿ.

ಮದ್ದೂರು_ವಡೆ

ಹುಳುವಿನ ವಂಶ ನಿಲ್ಲಿಸುವುದನ್ನು ಹತ್ತು ವಾರದ ಕೂಸಿಗೆ ದಿನಾ ನೆಕ್ಕಿಸಬೇಕಾ? ನನಗೆ ಈ ಒಂದು ಮಾತು ಸಾಕು.

ಬೇರು_ನಾರು

ಆ ಮಾತು ನನಗೆ ಪೂರ್ತಿ ಸರಿ ಅನಿಸುವುದಿಲ್ಲ, ಹುಳುವಿಗೆ ಆಗಿದ್ದು ಮನುಷ್ಯನಿಗೂ ಆಗಬೇಕೆಂದಿಲ್ಲ. ಆದರೆ ವೈದ್ಯೆಯವರು ಹೇಳಿದ 60ರಿಂದ 120 ಮಿಲಿಗ್ರಾಂ ಲೆಕ್ಕ ನನ್ನನ್ನು ಯೋಚನೆಗೆ ಹಚ್ಚಿತು. ನಾನು ನನ್ನ ಮಗನಿಗೆ ಕೊಟ್ಟಾಗ ತೂಗಿರಲಿಲ್ಲ, ಶೋಧನೆಯನ್ನೂ ಮಾಡಿರಲಿಲ್ಲ. ಗ್ರಂಥವನ್ನು ನಂಬುತ್ತೇನೆ ಅಂದಮೇಲೆ ಗ್ರಂಥ ಹೇಳಿದ ಹಾಗೆ ಮಾಡಬೇಕಿತ್ತು. ಕೂಸುಗಳಿಗೆ ಮನೆಯಲ್ಲಿ ಬೇಡ, ಈ ಮಟ್ಟಿಗೆ ನಾನು ಒಪ್ಪುತ್ತೇನೆ.

ಹೊಸ_ಅಮ್ಮ_ಮೈಸೂರು

ನಾಲ್ಕು ದಿನ ಆದಮೇಲೆ ಬರೆಯುತ್ತಿದ್ದೇನೆ. ಎಲ್ಲರ ಮಾತನ್ನೂ ಅತ್ತೆಗೆ ಓದಿ ಹೇಳಿದೆ. ಅಮೆರಿಕದ ನಿಷೇಧಕ್ಕೆ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಧಾರವಾಡದ ಅವ್ವ ಎರಡು ದಿನ ಊಟ ಬಿಟ್ಟಿದ್ದನ್ನು ಓದಿದಾಗ ಸುಮ್ಮನಾದರು. ಸುತ್ತಿನ ಲೆಕ್ಕ ಬಂದಾಗ ಮಾತ್ರ ಅವರೇ ಬಾಯಿ ಬಿಟ್ಟರು. ಅವರ ಅತ್ತೆ ತೇಯುವಾಗ ಪಕ್ಕದಲ್ಲಿ ಕೂತು ನೋಡಿದ್ದಾರಂತೆ. ಎಷ್ಟು ಸುತ್ತು ಅಂತ ಕೇಳಿ ಇಟ್ಟುಕೊಳ್ಳಲಿಲ್ಲ, ಮೊದಲ ಮಗು ಹುಟ್ಟುವ ಹೊತ್ತಿಗೆ ಅವರು ಹೋಗಿಬಿಟ್ಟಿದ್ದರಂತೆ. ಹಾಗಾಗಿ ಅಂದಾಜಿನ ಮೇಲೆ ತೇಯ್ದದ್ದು.

ಈಗ ಜೇನಿನ ಬಾಟಲಿ ಮೇಲಿನ ಗೂಡಿಗೆ ಹೋಯಿತು. ಸಂಜೆ ಆರಕ್ಕೆ ಅತ್ತೆ ಕೈ ಬಿಸಿ ಮಾಡಿಕೊಂಡು ಮಗಳ ಹೊಟ್ಟೆಗೆ ಎಣ್ಣೆ ನೀವುತ್ತಾರೆ. ಅಳು ಇನ್ನೂ ಇದೆ. ನಿನ್ನೆ ಒಂಬತ್ತಕ್ಕೇ ನಿಂತಿತು. ಸಾಣೆಕಲ್ಲನ್ನು ತೊಳೆದು ಗಂಧಕ್ಕೆ ಅಂತ ದೇವರ ಮನೆಯಲ್ಲಿ ಇಟ್ಟಿದ್ದಾರೆ.

ಕೊರಟಗೆರೆ ಅಣ್ಣ, ಅತ್ತೆ ಒಂದು ಪ್ರಶ್ನೆ ಕೇಳುತ್ತಿದ್ದಾರೆ. ಬಜೆ ಗಿಡವನ್ನು ಅವರು ನೋಡೇ ಇಲ್ಲವಂತೆ, ಬರೀ ಒಣ ಬೇರು ನೋಡಿದ್ದು. ಮನೆ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನೀರು ನಿಲ್ಲುವ ಜಾಗ ಇದೆ, ಅಲ್ಲಿ ಹಾಕಬಹುದಾ?

ಕೊರಟಗೆರೆ_ಗದ್ದೆ

ಸೋಪಿನ ನೀರು ಬೇಡ ಅಂತ ಹೇಳಿ ಅಮ್ಮನಿಗೆ. ಒಡೆದ ಬಕೆಟ್ಟಿನ ತೂತು ಮುಚ್ಚಿ, ಕೆರೆಗೋಡು ಮಣ್ಣು ಹಾಕಿ, ಮಣ್ಣಿನ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿದರೆ ಸಾಕು. ಹಸಿ ಬೇರು, ಚಿಗುರು ಇರುವುದೇ ಆಗಬೇಕು, ಅಂಗಡಿಯ ಒಣ ತುಂಡು ಮೊಳೆಯುವುದಿಲ್ಲ. ಹತ್ತಿರದ ನರ್ಸರಿಯಲ್ಲಿ ಔಷಧಿ ಗಿಡ ಇಡುತ್ತಾರಾ ಕೇಳಿ. ಎಲೆ ಕತ್ತಿಯ ಹಾಗೆ ಉದ್ದಕ್ಕೆ ಬರುತ್ತದೆ. ಒಂದು ಎಲೆ ಹಿಚುಕಿ ಅಮ್ಮನ ಮೂಗಿಗೆ ಹಿಡಿಯಿರಿ, ತಕ್ಷಣ ಗುರುತು ಹಿಡಿಯುತ್ತಾರೆ.